ಪಾಳಿದ ದಿನಗಳು

ಗುಂಜೋಟಿಯ ಕಲ್ಯಾಣಪ್ಪ ಒಮ್ಮೆ ಹಿಡಿದ ನೇಮ ಬಿಟ್ಟವನಲ್ಲ. ಸೋಮವಾರ ಒಪ್ಪೊತ್ತು ಎಂದರೆ ಒಪ್ಪೊತ್ತೇ. ಅಂದು ಬೀಗರ ಮನೆಯಲ್ಲಿ ಹೋಳಿಗೆ ಬಡಿಸಿದರೂ ತಾಟಿನ ಮುಂದೆ ಕೈಕಟ್ಟಿ ಕೂಡುವ ಆಸಾಮಿ. ಒಮ್ಮೆ ಜ್ವರ ಬಂದಾಗ ಹಕೀಮನೊಬ್ಬ ಬದನೆಕಾಯಿ ತಿನ್ನಬೇಡ ಎಂದಿದ್ದ. ಜ್ವರ ಹೋಯಿತು, ಆಮೇಲೆ ಹಕೀಮನೂ ಹೋದ, ಕಲ್ಯಾಣಪ್ಪ ಮಾತ್ರ ಬದನೆಕಾಯಿ ಮುಟ್ಟಲಿಲ್ಲ. 'ತಿನ್ನು ಅಂತ ಹೇಳಲಿಕ್ಕೆ ಹಕೀಮ ಗೋರಿಯಿಂದ ಎದ್ದು ಬರಬೇಕೇನು?' ಎಂದು ಊರವರು ನಗುತ್ತಿದ್ದರು. ಇಂಥ ಗಂಡ ಸಿಕ್ಕವಳಿಗೆ ಯಾವ ಭಯವೂ ಇಲ್ಲ ಎಂದು ಅವನ ಹೆಂಡತಿ ಶೇವಂತಾಬಾಯಿಯ ತವರಿನವರು ಹೇಳುತ್ತಿದ್ದರು, ಶೇವಂತಾಬಾಯಿಯೂ ಅದನ್ನೇ ನಂಬಿದ್ದಳು. ಆ ನಂಬಿಕೆ ಸುಳ್ಳೂ ಆಗಲಿಲ್ಲ. ಹೊಟ್ಟೆ ಉರಿಯುವ ಮಾತೆಂದರೆ ಅದೇ.

ಅವರ ಲಗ್ನವಾದದ್ದು ರಜಾಕಾರರ ಗದ್ದಲಕ್ಕೆ ಸ್ವಲ್ಪ ಮುಂಚೆ. ಗದ್ದಲ ಬಂತು, ಪೊಲೀಸ್ ಆ್ಯಕ್ಷನ್ ಆಯಿತು, ನಿಜಾಮನ ಆಳ್ವಿಕೆ ಹೋಯಿತು, ಚುನಾವಣೆ ಎಂಬ ಹೊಸ ಜಾತ್ರೆಯೂ ನಡೆಯಿತು. ಲೋಕದಲ್ಲಿ ಇಷ್ಟೆಲ್ಲ ಆದರೂ ಶೇವಂತಾಬಾಯಿಯ ಉಡಿಯಲ್ಲಿ ಏನೂ ಆಗಲಿಲ್ಲ. ಅತ್ತೆ ಶಿವಗಂಗಾಬಾಯಿ ಕೆಟ್ಟ ಹೆಂಗಸಲ್ಲ. ಮೊದಮೊದಲು ಹರಕೆ ಹೊತ್ತಳು, ಆಮೇಲೆ ಸೂಲಗಿತ್ತಿ ಮಾಳವ್ವನಿಂದ ಬೇರು ಅರೆಸಿ ಕುಡಿಸಿದಳು. ಯಾವುದೂ ಹತ್ತದಿದ್ದಾಗ ಸೊಸೆಯನ್ನು ಎದುರಿಗೆ ಕೂಡಿಸಿಕೊಂಡು ಮಾತು ನೇರವಾಗಿಯೇ ಆಡಿದಳು.

"ನೋಡ್ ಶೇವಂತಾ, ನಿನ್ ಮ್ಯಾಲ ನಂದೇನೂ ಸಿಟ್ಟಿಲ್ಲ. ಆದರ ಇರಾಂವ ಒಬ್ಬ ಮಗ. ದಿಲ್ಲಿಯಿಂದ ಕಾಯ್ದೆ ಬರಲಿಕ್ಕತ್ತದಂತ, ಎರಡನೇ ಲಗ್ನ ಮಾಡಿಕೊಂಡರ ಜೇಲ್ ಅಂತ, ಉಮರ್ಗಾ ಪೇಟ್ಯಾಗ ಮಂದಿ ಮಾತಾಡ್ತಾರ. ಕಾಯ್ದೆ ಬರೂ ತನ ನಾ ತಡೀತೀನಿ. ಅಷ್ಟರಾಗ ಆತೋ, ನಿನ್ನ ಪುಣ್ಯ. ಆಗಲಿಲ್ಲೋ, ಇನ್ನೊಬ್ಬಾಕಿನ ತರಬೇಕಾಗ್ತದ."

ಮಗುವಿಗೆ ಗಡುವು ಹಾಕಿದ ಅತ್ತೆಯನ್ನು ನೀವು ಕಂಡಿರಬಹುದು. ದಿಲ್ಲಿಯ ಕಾಯ್ದೆಯ ಜೊತೆ ಪಂದ್ಯ ಕಟ್ಟಿದವಳು ಇವಳೊಬ್ಬಳೇ ಇರಬೇಕು. ಅಂದಿನಿಂದ ಶೇವಂತಾಬಾಯಿಯ ಜೀವ ದಿಲ್ಲಿಗೇ ಜೋತು ಬಿದ್ದಿತು. ಪೇಟೆಯಿಂದ ಬಂದವರನ್ನೆಲ್ಲ 'ಕಾಯ್ದೆ ಬಂತೇನ್ರಿ?' ಎಂದು ಕೇಳುವಳು. ಬೇಗ ಬಂದರೆ ಬೇರೆ ಹೆಂಗಸು ಮನೆಗೆ ಕಾಲಿಡಲಾರಳು, ತಡವಾದರೆ ತನಗೆ ಬಸಿರಾಗಲು ಇನ್ನಷ್ಟು ಕಾಲ ಸಿಗುತ್ತದೆ. ಯಾವುದು ಆಗಲಿ ಎಂದು ಬೇಡಿಕೊಳ್ಳಬೇಕೋ ಅವಳಿಗೇ ತಿಳಿಯುತ್ತಿರಲಿಲ್ಲ.

ಆಗಲೇ ಉದಗೀರದ ಸುದ್ದಿ ಬಂದದ್ದು. ಪುಣೆಯ ಕಡೆಯ ಡಾಕ್ಟರಬಾಯಿಯೊಬ್ಬಳು ಅಲ್ಲಿ ದವಾಖಾನೆ ತೆಗೆದಿದ್ದಾಳೆ, ಉಮರ್ಗಾದ ಅರಿವೆ ಅಂಗಡಿಯವರ ಸೊಸೆ ಅವಳ ಬಳಿ ಹೋಗಿ ಬಂದ ಮೇಲೆ ಗಂಡು ಹಡೆದಳು ಎಂದು. ಕಲ್ಯಾಣಪ್ಪ ಗಾಡಿ ಹೂಡಿದ. ಉಮರ್ಗಾದಲ್ಲಿ ಬಸ್ಸು ಹತ್ತಿ, ನಿಲಂಗಾದಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಧೂಳಿನಲ್ಲಿ ಗುರುತು ಹತ್ತದಂತಾಗಿ ಇಬ್ಬರೂ ಉದಗೀರ ಮುಟ್ಟಿದರು.

ಡಾಕ್ಟರಬಾಯಿ ಶೇವಂತಾಬಾಯಿಯನ್ನು ಒಳಗೆ ಕರೆದು ನೋಡಿ, ದೋಷವೇನೂ ಇಲ್ಲ ಎಂದಳು. ಆಮೇಲೆ ಕಲ್ಯಾಣಪ್ಪನನ್ನೂ ಕರೆಸಿದಳು. ಅವನು ರುಮಾಲು ಸರಿಮಾಡಿಕೊಂಡು, ಹೊಸ್ತಿಲಿಗೆ ಹತ್ತಿಕೊಂಡೇ ನೆಲ ನೋಡುತ್ತ ಕುಳಿತ. ಎಷ್ಟು ಓದಿದವಳಾದರೇನು, ಪರಗಂಡಸು ಹಾಗೆ ತಲೆ ಬಗ್ಗಿಸಿ ಕುಳಿತರೆ ಇಂಥ ಮಾತನ್ನು ಬಿಚ್ಚಿ ಹೇಳಲು ಅವಳಿಗಾದರೂ ಬಾಯಿ ಬರಬೇಕಲ್ಲ. ಅವಳು ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ ಮರಾಠಿಯಲ್ಲಿ ಹೇಳಿದಳು. ತಿಂಗಳ ನೀರು ಹಾಕಿಕೊಂಡು ಐದಾರು ದಿನ ಕಳೆದ ಮೇಲೆ ಬರುವ ಒಂದು ವಾರವೇ ಬೀಜ ನಿಲ್ಲುವ ಹೊತ್ತು, ಅದೇ ಮುಖ್ಯ ಎಂದು ತಿಳಿಸಿ, ಕೊನೆಗೆ ಗಟ್ಟಿಯಾಗಿ ಅಂದಳು.

"ಹೇ ದಿವಸ ದೋಘಾಂನೀ ನೀಟ ಪಾಳಾ. ಏಕಹೀ ಚುಕವೂ ನಕಾ. ಬಾಕೀಚ್ಯಾ ದಿವಸಾಂಚೀ ಕಾಳಜೀ ನಕೋ."

ಈ ದಿನಗಳನ್ನು ಇಬ್ಬರೂ ಸರಿಯಾಗಿ ಪಾಳಿರಿ, ಒಂದೂ ತಪ್ಪಿಸಬೇಡಿ, ಉಳಿದ ದಿನಗಳ ಚಿಂತೆ ಬೇಡ. ಇಷ್ಟೇ ಮಾತು. ಗಡಿಯ ಜನಕ್ಕೆ ಮರಾಠಿ ತಿಳಿಯದೆ ಏನು? ಬಾಯಲ್ಲಿ ಒಂದು ತುತ್ತು ಕನ್ನಡ, ಒಂದು ತುತ್ತು ಮರಾಠಿ. ಗಂಡಹೆಂಡತಿ ಇಬ್ಬರೂ ಕೂಡಿಯೇ 'ಹೂಂ' ಎಂದರು.

ಆ ಮನೆಯಲ್ಲಿ ಪಾಳೋದು ಎಂದರೆ ಏನೆಂದು ಹೇಳಿಬಿಡುತ್ತೇನೆ. ಸೋಮವಾರ ಪಾಳೋದು ಎಂದರೆ ಒಂದು ಹೊತ್ತು ಉಣ್ಣದಿರುವುದು. ಪಥ್ಯ ಪಾಳೋದು ಎಂದರೆ ಖಾರ, ಹುಳಿ ಬಿಡುವುದು. ಶ್ರಾವಣ ಪಾಳೋದು ಎಂದರೆ ಗಂಡ ಪಡಸಾಲೆಯಲ್ಲಿ, ಹೆಂಡತಿ ಒಳಗೆ, ಬೇರೆ ಬೇರೆ ಚಾಪೆ. ಅಜ್ಜ ಮುತ್ತಜ್ಜರ ಕಾಲದಿಂದ ಅವರು ಪಾಳಿದ್ದೆಲ್ಲ ಬಿಡುವುದೇ. ಈಗ ಡಾಕ್ಟರಬಾಯಿ ಒಂದು ವಾರ ಪಾಳಿರಿ ಎಂದಿದ್ದಾಳೆ, ಅದೂ ಇಬ್ಬರೂ, ಅದೂ ಒಂದು ದಿನವೂ ತಪ್ಪದಂತೆ.

ಬಸ್ಸಿನಲ್ಲಿ ಕಲ್ಯಾಣಪ್ಪ ಹೆಂಡತಿಗೆ ಸಮಾಧಾನ ಹೇಳಿದ. "ಖರೇ ಅದ ಆಕಿ ಮಾತು. ಹೊಲಾನೂ ಹಂಗೇ ಅಲ್ಲೇನು? ಒಂದು ಹಂಗಾಮು ಪಾಳು ಬಿಟ್ಟರ ಮುಂದ ದುಪ್ಪಟ್ಟು ಕೊಡ್ತದ. ಬೀಜ ನಿಲ್ಲೂ ಹೊತ್ತಿನ್ಯಾಗ ಮುಟ್ಟಬಾರದು, ನಿಲ್ಲಲಿಕ್ಕ ಬಿಡಬೇಕು."

ಶೇವಂತಾಬಾಯಿಗೂ ಅದು ಬಹಳ ಸರಿ ಎನಿಸಿತು. ಇಷ್ಟು ವರ್ಷ ತಾವು ಹೊತ್ತುಗೊತ್ತಿಲ್ಲದೆ ನೆಲ ಕೆದರಿದ್ದೇ ತಪ್ಪಾಯಿತು ಎಂದುಕೊಂಡಳು.

ಅಂದಿನಿಂದ ಶುರುವಾಯಿತು. ಬೇರೆ ಯಾವ ಗಂಡಸಾದರೂ ಆಗಿದ್ದರೆ ಎಂದಾದರೂ ಒಂದು ದಿನ ತಪ್ಪುತ್ತಿದ್ದ, ಆ ತಪ್ಪೇ ಅವಳನ್ನು ಕಾಯುತ್ತಿತ್ತು. ಕಲ್ಯಾಣಪ್ಪ ತಪ್ಪುವವನೇ? ಶೇವಂತಾಬಾಯಿ ನೀರು ಹಾಕಿಕೊಂಡು ದಿನ ಎಣಿಸಿ 'ನಾಳಿಂದ ರೀ' ಎಂದರೆ ಸಾಕು, ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊಲದ ಗುಡಿಸಲಿಗೆ ಹೊರಟುಬಿಡುವನು. ಮನೆಯಲ್ಲಿದ್ದರೆ ಮನಸ್ಸು ಜಾರೀತು ಎಂಬ ಎಚ್ಚರ. ಒಂದು ವಾರ ಅಲ್ಲೇ ಊಟ, ಅಲ್ಲೇ ನಿದ್ದೆ. ವಾರ ಮುಗಿದ ಮೇಲೆ ಆಸೆಯಿಂದ ಮನೆಗೆ ಬರುವನು. ಅವಳೂ ಆಸೆಯಿಂದಲೇ ಕಾಯುತ್ತಿದ್ದಳು. ಆಮೇಲೆ ತಿಂಗಳ ಕೊನೆಗೆ ಅವಳು ಬಚ್ಚಲಿಗೆ ಹೋಗಿ ಹೊರಗೆ ಬಂದಾಗ ಅವಳ ಮುಖ ನೋಡಿದರೆ ಸಾಕಾಗಿತ್ತು, ಈ ತಿಂಗಳೂ ನಿಂತಿಲ್ಲ ಎಂದು ತಿಳಿಯಲು.

ಒಂದು ಸಲ, ಮೃಗಶಿರ ಮಳೆ ಹಿಡಿದ ದಿನ, ಪಾಳುವ ವಾರದ ನಟ್ಟನಡುವೆ, ಕಲ್ಯಾಣಪ್ಪ ಸಂಜೆ ಹೊತ್ತಿಗೆ ತೊಯ್ದು ತೊಪ್ಪಡಿಯಾಗಿ ಮನೆಗೆ ಬಂದ. ಗುಡಿಸಲು ಸೋರುತ್ತಿತ್ತು. ಶಿವಗಂಗಾಬಾಯಿ ಬೀಗರೂರಿಗೆ ಹೋಗಿದ್ದಳು, ಮನೆಯಲ್ಲಿ ಇವರಿಬ್ಬರೇ. ಶೇವಂತಾಬಾಯಿ ಒಲೆಯ ಮುಂದೆ ಕೂಡಿಸಿ ಅವನ ತಲೆ ಒರೆಸಿದಳು. ಅವನು ಅವಳ ಕೈ ಹಿಡಿದವನು ಬಿಡಲಿಲ್ಲ. ಅವಳ ಮುಖವನ್ನೇ ನೋಡಿದ. ಜನ್ಮದಲ್ಲಿ ಒಂದೇ ಒಂದು ಸಲ ನೇಮ ಮುರಿಯಲು ಸಿದ್ಧನಾಗಿದ್ದ.

ಶೇವಂತಾಬಾಯಿಗೂ ಮನಸ್ಸಿತ್ತು. ಮನಸ್ಸೇನು, ಮೈಯೆಲ್ಲ ಅದೇ ಆಗಿತ್ತು. ಆದರೆ ಅವಳಿಗೆ ಮಗು ಬೇಕಾಗಿತ್ತು. ಕೈ ಬಿಡಿಸಿಕೊಂಡು, "ಬ್ಯಾಡ್ರೀ. ಇಷ್ಟು ದಿನ ಪಾಳಿದ್ದು ನೀರಾಗ ಹಾಕಬ್ಯಾಡ್ರಿ. ನಿಮ್ಮ ಕಾಲಿಗಿ ಬೀಳ್ತೀನಿ, ಹೋಗ್ರಿ" ಎಂದಳು. ಅವನು ಎದ್ದ. ಒಣಗಿದ ಕಂಬಳಿ ಕೊಟ್ಟಳು, ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿದಳು. ಆ ಮಳೆಯಲ್ಲಿಯೇ ಅವನು ಸೋರುವ ಗುಡಿಸಲಿಗೆ ತಿರುಗಿ ಹೋದ. ತಾನು ಎಂಥ ಗಟ್ಟಿಗಿತ್ತಿ ಎಂದು ಅವಳಿಗೆ ಅಂದು ಹೆಮ್ಮೆಯೂ ಆಯಿತು.

ದಿಲ್ಲಿಯ ಕಾಯ್ದೆ ಇನ್ನೇನು ಬಂದೇಬಿಟ್ಟಿತು ಎಂಬ ಗುಲ್ಲು ಎದ್ದ ಬೇಸಿಗೆಯಲ್ಲಿ ಶಿವಗಂಗಾಬಾಯಿ ಹೆಣ್ಣು ನೋಡತೊಡಗಿದಳು. ಶೇವಂತಾಬಾಯಿ ಎರಡು ದಿನ ಅನ್ನ ಬಿಟ್ಟು ಅತ್ತಳು, ಮೂರನೆಯ ದಿನ ಎದ್ದು ತಾನೇ ಹೆಣ್ಣು ಗೊತ್ತು ಮಾಡಿದಳು: ಲೋಹಾರಾದಲ್ಲಿರುವ ತನ್ನ ಸ್ವಂತ ತಂಗಿ ರಂಭಾ. ಗೊತ್ತಿಲ್ಲದವಳು ಬಂದು ತನ್ನನ್ನು ಕೊಟ್ಟಿಗೆಗೆ ತಳ್ಳುವ ಬದಲು, ಎತ್ತಿ ಆಡಿಸಿದ ತಂಗಿಯೇ ಬಂದರೆ ಒಂದು ತುತ್ತು ಪ್ರೀತಿಯ ಅನ್ನವಾದರೂ ಸಿಕ್ಕೀತು ಎಂಬ ಲೆಕ್ಕ. ಅವರಪ್ಪ ಮಾಣಿಕಪ್ಪ ಒಪ್ಪಲಿಲ್ಲ. ಅಳಿಯ ದೊಡ್ಡ ಮಗಳ ಮೇಲೆ ಜೀವ ಇಟ್ಟುಕೊಂಡಿದ್ದಾನೆ, ಸಣ್ಣವಳು ಹೆಸರಿಗೆ ಹೆಂಡತಿಯಾಗಿ ರೊಟ್ಟಿ ಬಡಿಯಬೇಕಾದೀತು ಎಂದು ಅವನ ಹೆದರಿಕೆ. ಕೊನೆಗೆ ಒಂದು ಕಟ್ಟು ಹಾಕಿದ.

"ಲಿಂಗದ ಮ್ಯಾಲ ಕೈ ಇಟ್ಟು ಹೇಳ್ರಿ ಕಲ್ಯಾಣಪ್ಪ. ಸಣ್ಣಾಕಿ ಉಡಿ ತುಂಬೂ ತನ ದೊಡ್ಡಾಕಿ ಹಾಸಿಗಿಗಿ ಹೋಗಂಗಿಲ್ಲ ಅಂತ."

ಕಲ್ಯಾಣಪ್ಪ ಶೇವಂತಾಬಾಯಿಯ ಕಡೆ ನೋಡಿದ. ಅವಳೇ "ಹೇಳ್ರಿ, ಅದರಾಗೇನದ" ಎಂದಳು. ಬಂಜೆಯ ಹಾಸಿಗೆ ಯಾರಿಗೆ ಬೇಕಾಗಿದೆ ಎಂದು ಅವಳ ಮನಸ್ಸು. ಅವನು ಕೊರಳ ಲಿಂಗ ಅಂಗೈಯಲ್ಲಿ ಹಿಡಿದು ಮಾತು ಕೊಟ್ಟ. ಲಗ್ನ ಮುಗಿದು ಹಂದರ ಇಳಿಸುವಷ್ಟರಲ್ಲಿ ಕಾಯ್ದೆಯೂ ಬಂತು. ಇನ್ನೊಂದು ತಿಂಗಳು ಮುಂಚೆ ಬಂದಿದ್ದರೆ ಅದರ ಗಂಟೇನು ಹೋಗುತ್ತಿತ್ತೋ.

ರಂಭಾ ಒಳ್ಳೆಯ ಹುಡುಗಿ. 'ಅಕ್ಕಾ, ಅಕ್ಕಾ' ಎಂದು ಸೆರಗು ಹಿಡಿದೇ ತಿರುಗುವಳು. ಶೇವಂತಾಬಾಯಿ ತಂಗಿಗೆ ಡಾಕ್ಟರಬಾಯಿಯ ನೇಮವನ್ನೂ ತಾನೇ ಹೇಳಿಕೊಟ್ಟಳು. ತಿಂಗಳು ತಿಂಗಳು ರಂಭಾಳ ದಿನ ಎಣಿಸಿ ಗಂಡನಿಗೆ 'ನಾಳಿಂದ ರೀ' ಎನ್ನುವವಳೂ ಅವಳೇ. ಕಲ್ಯಾಣಪ್ಪ ಮತ್ತೆ ಕಂಬಳಿ ಹೊತ್ತು ಹೊಲಕ್ಕೆ ನಡೆದ. ಹೀಗೆ ದೀಪಾವಳಿ ದಾಟಿತು. ಎರಡನೆಯವಳಿಗೂ ನಿಲ್ಲಲಿಲ್ಲ ಎಂದಾಗ ಊರ ನಾಲಿಗೆ ಕಲ್ಯಾಣಪ್ಪನ ಕಡೆಗೇ ತಿರುಗಿತು. ಮಗನ ಮೇಲೆ ಮಾತು ಬಂದದ್ದೇ ಶಿವಗಂಗಾಬಾಯಿ ಕೆಂಡವಾದಳು. ರಂಭಾಳನ್ನೂ ಉದಗೀರದಲ್ಲಿ ತೋರಿಸಿಕೊಂಡು ಬಾ ಎಂದು ಶೇವಂತಾಬಾಯಿಗೆ ಹೇಳಿ, ಆಳಿನ ಸಂಗಡ ಗಾಡಿ ಕೊಟ್ಟು ಕಳಿಸಿದಳು.

ಡಾಕ್ಟರಬಾಯಿ ರಂಭಾಳನ್ನೂ ನೋಡಿ, ಎಲ್ಲ ಚೆನ್ನಾಗಿದೆ ಎಂದಳು. ರಂಭಾ ನಾಚಿಕೊಂಡು ನೀರು ಕುಡಿಯುವ ನೆಪದಲ್ಲಿ ಹೊರಗೆ ಓಡಿದಳು. ಡಾಕ್ಟರಬಾಯಿ ಮತ್ತೆ ಅದೇ ಪಾಠ ತೆಗೆದಳು: ನಡುವಿನ ವಾರ, ಪಾಳಾ, ಚುಕವೂ ನಕಾ. ಶೇವಂತಾಬಾಯಿಗೆ ಎಂದೂ ಬರದ ಸಿಟ್ಟು ಬಂತು.

"ಎಷ್ಟರ ಪಾಳಬೇಕು ಬಾಯಿ? ನಾನೂ ಪಾಳೀನಿ, ಈಕಿನೂ ಪಾಳ್ಯಾಳ. ಒಂದು ದಿನ ತಪ್ಪಿಲ್ಲ. ನೀವು ಹೇಳಿದ ವಾರ ನಮ್ಮವರು ಮನ್ಯಾಗ ಕಾಲೇ ಇಡಂಗಿಲ್ಲ, ಹೊಲದಾಗ ಮಕ್ಕೋತಾರ. ಇನ್ನೇನ್ ಮಾಡಬೇಕು ನಾವು?"

ಅರ್ಧ ಕನ್ನಡ ಅರ್ಧ ಮರಾಠಿಯ ಆ ಮಾತನ್ನು ಡಾಕ್ಟರಬಾಯಿ ಎರಡು ಸಲ ಹೇಳಿಸಿದಳು. ಎರಡನೆಯ ಸಲ ಕೇಳಿದ ಮೇಲೆ ಅವಳ ಮುಖದ ಬಣ್ಣವೇ ಹೋಯಿತು.

"ಅಗ ಬಾಯಿ! ಪಾಳಾ ಮ್ಹಂಜೇ ಸೋಡಾ ನವ್ಹೇ! ತ್ಯಾಚ ದಿವಸಾಂತ ಏಕತ್ರ ರಾಹಾಯಚಂ!"

ಪಾಳುವುದು ಎಂದರೆ ಬಿಡುವುದಲ್ಲ ತಾಯಿ, ಆ ದಿನಗಳಲ್ಲಿಯೇ ಕೂಡಿರಬೇಕಾಗಿತ್ತು. ಹೊತ್ತಿಗೆ ಸರಿಯಾಗಿ ಬರುವುದಕ್ಕೆ ಹೊತ್ತು ಪಾಳೋದು ಎನ್ನುವುದಿಲ್ಲವೇ, ಹಾಗೆ ಹೇಳಿದ್ದೆ. ಉಳಿದ ದಿನ ಹೇಗಿದ್ದರೂ ಬಸಿರು ನಿಲ್ಲುವುದು ಕಷ್ಟ. ಹೀಗೆ ಏನೇನೋ ಹೇಳುತ್ತಲೇ ಇದ್ದಳು. ಅವಳ ಕಣ್ಣಲ್ಲಿ ನೀರೂ ಬಂತು. ನಿನಗೇನು ವಯಸ್ಸಾಗಿದೆ, ಇನ್ನೂ ಆಗುತ್ತದೆ, ಈ ತಿಂಗಳಿಂದಲೇ ಸರಿಯಾಗಿ ಇರಿ ಎಂದು ಶೇವಂತಾಬಾಯಿಯ ಕೈ ಹಿಡಿದು ಹೇಳಿದಳು. ಇವರ ಮನೆಯಲ್ಲಿ ಆದ ಕರಾರು ಪಾಪ ಅವಳಿಗೇನು ಗೊತ್ತು?

ಬಸ್ಸಿನಲ್ಲಿ ರಂಭಾ ಅಕ್ಕನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಶೇವಂತಾಬಾಯಿಗೆ ಅಳುವೂ ಬರಲಿಲ್ಲ. ಆ ಮಳೆಯ ಸಂಜೆ ಒಂದೇ ಸಮನೆ ಕಣ್ಣ ಮುಂದೆ ನಿಂತಿತ್ತು. ದೇವರೇ ಒದ್ದೆ ಬಟ್ಟೆಯಲ್ಲಿ ಬಂದು ಒಲೆಯ ಮುಂದೆ ಕುಳಿತಿದ್ದ, ತಾನೇ ಕೊಪ್ಪೆ ಹಾಕಿ ಹೊರಗೆ ಕಳಿಸಿದೆ. ಡಾಕ್ಟರಬಾಯಿಯಲ್ಲ, ಅತ್ತೆಯಲ್ಲ, ಹಣೆಬರಹವೂ ಅಲ್ಲ. ತನ್ನ ಬಾಯಿ, ತನ್ನ ಕೈ. ನಿಲಂಗಾ ಬರುವ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ಯಾರಿಗೂ ಹೇಳದಿದ್ದರೆ? ಈ ಮಾತು ನುಂಗಿಬಿಟ್ಟರೆ ರಂಭಾಳೂ ತನ್ನಂತೆಯೇ ಉಳಿಯುತ್ತಾಳೆ. ಅದು ಹೊಳೆದದ್ದೇ ತಡ, ಹೆಗಲ ಮೇಲಿನ ತಲೆ ಭಾರವಾಯಿತು. ಮೆಲ್ಲಗೆ ತಂಗಿಯ ಕೂದಲು ನೇವರಿಸಿದಳು, ತನ್ನ ಮೇಲೆ ತನಗೇ ಹೇಸಿಕೆಯಾಯಿತು.

ಆದರೆ ಅವಳು ಹೇಳಲು ತೀರ್ಮಾನಿಸಿದ್ದು ಬರೀ ತಂಗಿಯ ಮೇಲಿನ ಅಂತಃಕರಣದಿಂದಲ್ಲ. ಒಳಗೊಳಗೇ ಒಂದು ಆಸೆ ಹುಟ್ಟಿತ್ತು. ತಾನು ಬಂಜೆಯಲ್ಲ! ಇದು ತಿಳಿದರೆ ಅವನು ಸುಮ್ಮನೆ ಇರುತ್ತಾನೆಯೇ? ಆಣೆ ಹಾಕಿದಾಗ ಯಾರಿಗೂ ಖರೆ ಗೊತ್ತಿರಲಿಲ್ಲ, ಗೊತ್ತಿಲ್ಲದೆ ಕೊಟ್ಟ ಮಾತು ಮಾತೇ ಅಲ್ಲ ಎಂದು ಅವನೇ ಅಂದಾನು. ಲೆಕ್ಕ ಹಾಕಿದಳು. ಒಂದೇ ಮನೆಯಲ್ಲಿ ಇದ್ದೂ ಇದ್ದೂ ಅಕ್ಕತಂಗಿಯರ ತಿಂಗಳು ಕೂಡಿಬಿಟ್ಟಿದ್ದವು. ಇಬ್ಬರೂ ನೀರು ಹಾಕಿಕೊಂಡು ಕೆಲವೇ ದಿನವಾಗಿತ್ತು. ಆ ವಾರ ಇನ್ನು ಮೂರು ದಿನಕ್ಕಿತ್ತು.

ಮರುದಿನ ಬುತ್ತಿ ಕಟ್ಟಿಕೊಂಡು ತಾನೇ ಹೊಲಕ್ಕೆ ಹೋದಳು. ಕಲ್ಯಾಣಪ್ಪ ಜೋಳದಲ್ಲಿ ಎಡೆ ಹೊಡೆಯುತ್ತಿದ್ದ. ಎತ್ತು ನಿಲ್ಲಿಸಿ ಬೇವಿನ ನೆರಳಿಗೆ ಬಂದ. ಕೈ ತೊಳೆಯುವ ಮೊದಲೇ ಅವಳು ಎಲ್ಲವನ್ನೂ ಹೇಳಿದಳು, ಡಾಕ್ಟರಬಾಯಿಯ ಮಾತನ್ನು ಇದ್ದದ್ದು ಇದ್ದಂತೆ.

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಿಂತಲ್ಲೇ ಕುಕ್ಕರಿಸಿದ. ಎರಡೂ ಕೈಯಲ್ಲಿ ರುಮಾಲು ಹಿಡಿದು ಮುಖಕ್ಕೆ ಒತ್ತಿಕೊಂಡು ಅತ್ತ. ಅಷ್ಟು ದೊಡ್ಡ ಗಂಡಸು ಹಾಗೆ ಅಳುವುದನ್ನು ಅವಳು ಕಂಡಿರಲಿಲ್ಲ.

"ಆ ಮಳಿ ದಿವಸ…" ಎಂದ.

"ಹೌದ್ರಿ" ಎಂದಳು.

ಅವಳು ಕಾದಳು. ಎತ್ತುಗಳು ಬದುವಿನ ಹುಲ್ಲಿಗೆ ಬಾಯಿ ಹಾಕಿದವು, ಅವನು ಹೊಡೆಯಲೂ ಇಲ್ಲ.

"ನಿಮ್ಮಪ್ಪಗ ಲಿಂಗಾ ಹಿಡಿದು ಮಾತು ಕೊಟ್ಟೀನಿ, ಶೇವಂತಾ" ಎಂದ ಕೊನೆಗೆ.

"ಆವಾಗ ನಮಗೇನ್ ಗೊತ್ತಿತ್ರಿ? ಗೊತ್ತಿದ್ದರ ಕೊಡ್ತಿದ್ರೇನು?"

"ಗೊತ್ತಿರಲಿಲ್ಲ. ಖರೆ." ಅವನ ಕೈ ಕೊರಳಿನ ಲಿಂಗದ ಕಡೆ ಹೋಯಿತು, ಅಲ್ಲೇ ನಿಂತಿತು.

ಅವಳಿಗೆ ಕೂಗಬೇಕೆನಿಸಿತು. ಅವನ ಕಾಲು ಹಿಡಿಯಬೇಕೆನಿಸಿತು. ನೇಮ ಹೊತ್ತೂ ಹೊತ್ತೂ ನನ್ನ ಹೊಟ್ಟೆ ಹೂತಿರಿ, ಇನ್ನೂ ಒಂದು ನೇಮವೇ ಎಂದು ಎದೆಗೆ ಗುದ್ದಬೇಕೆನಿಸಿತು. ಆದರೆ ಮಳೆಯಲ್ಲಿ ಅವನನ್ನು ಹೊರಗೆ ಹಾಕಿದವಳು ತಾನು, ಲಿಂಗ ಹಿಡಿಯಿರಿ ಎಂದವಳೂ ತಾನು. ಬುತ್ತಿ ಬಿಚ್ಚಿ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಕೊಟ್ಟಳು. ಅವನು ಕೈ ತೊಳೆದು ಒಂದು ರೊಟ್ಟಿ ತಿಂದ, ಎರಡನೆಯದನ್ನು ಮುರಿದು ಹಾಗೇ ಹಿಡಿದು ಕುಳಿತ. ಆಮೇಲೆ ಅವಳ ಮುಖ ನೋಡದೆ, ಬಹಳ ಮೆಲ್ಲಗೆ, ಕೇಳಿದ.

"ರಂಭಾಗ ಯಾವಾಗಿಂದ?"

ಬೇರೆ ಯಾರನ್ನು ಕೇಳಬೇಕು ಅವನು? ಎಣಿಸುವವಳು ಅವಳೇ ಅಲ್ಲವೇ.

"ನಾಡದಿಂದ ರೀ" ಎಂದಳು.

ಅವಳ ದಿನಗಳೂ ನಾಡಿದ್ದಿನಿಂದಲೇ ಇದ್ದವು. ಅದನ್ನು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬುತ್ತಿಯ ಬಟ್ಟೆ ಕೊಡವಿ ಮಡಿಚಿಕೊಂಡು ಮನೆಗೆ ಬಂದಳು. ಆ ನಾಡಿದ್ದು ಬಂದಾಗ ಮಧ್ಯಾಹ್ನ ತಂಗಿಯ ಕೋಣೆ ಸಾರಿಸಿ, ಒಗೆದ ಕೌದಿ ಹಾಸಿ, ರಂಭಾಳನ್ನು ಎದುರಿಗೆ ಕೂಡಿಸಿಕೊಂಡು ತಲೆ ಬಾಚಿದಳು.